ಮೆತ್ತಗಿನ ಊಟ

ಉದಗೀರ
ಶ್ರಾವಣ ಶುದ್ಧ ಪಂಚಮಿ, ಶಕೆ ೧೮೫೧

ಅಣ್ಣಾ,

ನಿನ್ನ ಪಾದಕ್ಕೆ ಶೇವಂತಾಳ ಶರಣು. ನಾವೆಲ್ಲ ಕ್ಷೇಮ ಎಂದು ಬರೆಯಬೇಕು. ಬರೆಯಲು ಕೈ ಏಳುತ್ತಿಲ್ಲ. ಕೂಸು ಸುಮನ ಚೆನ್ನಾಗಿಲ್ಲ.

ನೀನು ಅವಳನ್ನು ನೋಡಿದ್ದು ತೊಟ್ಟಿಲಲ್ಲಿ. ಆಗ ಕೈಕಾಲು ದುಂಡಗಿದ್ದವು. ನನ್ನ ಹಾಲು ಕುಡಿಯುವ ತನಕ ಯಾವ ತೊಂದರೆಯೂ ಇರಲಿಲ್ಲ. ಊಟ ಕಲಿತ ಮೇಲೆ ಇಳಿಯುತ್ತ ಬಂದಳು. ಈಗ ಮೂರು ತುಂಬಿದೆ, ನೋಡಿದವರು ಒಂದೂವರೆ ವರ್ಷದ ಕೂಸೇ ಎಂದು ಕೇಳುತ್ತಾರೆ. ಹೊಟ್ಟೆಯೊಂದೇ ಗಡಿಗೆಯಂತೆ ಉಬ್ಬಿದೆ. ತೊಡೆಯ ಮಾಂಸ ಕರಗಿ ಚರ್ಮ ಜೋತಿದೆ. ದಿನಕ್ಕೆ ಎಷ್ಟೋ ಸಲ ಹೊರಕಡೆ ಆಗುತ್ತದೆ. ಅದು ಸಾಮಾನ್ಯ ಭೇದಿಯಂತಲ್ಲ. ಬಿಳಿಚಿಕೊಂಡು, ನೊರೆ ನೊರೆಯಾಗಿ, ಎಣ್ಣೆ ಬೆರೆಸಿದಂತೆ ಇರುತ್ತದೆ. ನಾತಕ್ಕೆ ಬಟ್ಟೆ ಒಗೆಯುವವಳು ಮುಖ ತಿರುಗಿಸುತ್ತಾಳೆ. ಹಗಲೆಲ್ಲ ರಚ್ಚೆ. ಅಂಗಳದಲ್ಲಿ ಓಡುತ್ತಿದ್ದವಳು ಈಗ ಗೋಡೆಗೆ ಒರಗಿ ಕೂತುಬಿಡುತ್ತಾಳೆ.

ಅತ್ತೆಯವರಿಗೆ ಮೊಮ್ಮಗಳೆಂದರೆ ಜೀವ. ದೃಷ್ಟಿ ತೆಗೆಯುತ್ತಾರೆ, ಮಠದ ವಿಭೂತಿ ಹಚ್ಚುತ್ತಾರೆ, ತಾವೇ ಕೂತು ಉಣಿಸುತ್ತಾರೆ. ಈ ಮನೆಯಲ್ಲಿ ಜೋಳದ ರೊಟ್ಟಿ ಆಳುಗಳಿಗೆ ಮಾತ್ರ. ನಮಗೆ ಎರಡು ಹೊತ್ತೂ ಚಪಾತಿ, ಕೂಸಿಗೆ ಹಾಲಿನಲ್ಲಿ ಬೇಯಿಸಿದ ಗೋಧಿ ರವೆ. ‘ಕೂಸಿನ ಹೊಟ್ಟಿ ನಾಜೂಕ ಅದ, ಮೆತ್ತಗಂದೇ ಹಾಕಬೇಕು’ ಎನ್ನುತ್ತಾರೆ.

ಇವತ್ತು ಪಂಚಮಿ. ಬೆಳಗಿನಿಂದ ಓಣಿಯಲ್ಲಿ ಬಂಡಿಯ ಸದ್ದಾದಾಗಲೆಲ್ಲ ಬಾಗಿಲಿಗೆ ಬಂದು ನೋಡಿದೆ. ಎಲ್ಲರ ಅಣ್ಣಂದಿರೂ ತವರಿಗೆ ಕರೆಯಲು ಬಂದರು. ನಿಲಂಗಾದಿಂದ ಇಲ್ಲಿಗೆ ಬಂಡಿಯಲ್ಲಿ ಎರಡು ದಿನದ ದಾರಿ, ಅಷ್ಟೇ. ಒಮ್ಮೆ ಬಂದು ನಮ್ಮಿಬ್ಬರನ್ನು ತುರೋರಿಗೆ, ಅವ್ವನ ಹತ್ತಿರ ಬಿಡು.

ನಿನ್ನ ತಂಗಿ ಶೇವಂತಾ


ನಿಲಂಗಾ
ಶ್ರಾವಣ ಬಹುಳ ಅಷ್ಟಮಿ

ಶೇವಂತಾ,

ಮನ್ಮಥಪ್ಪನ ಆಶೀರ್ವಾದ. ಕಾಗದ ಓದಿದೆ. ಬರಲು ಆಗುತ್ತಿಲ್ಲ. ನಮ್ಮ ವಕೀಲ ಭೀಮಶಾ ಅವರ ದೊಡ್ಡ ಖಟ್ಲೆಯೊಂದು ನಡೆದಿದೆ, ಮುನ್ಷಿಯಾದವನು ಕಚೇರಿ ಬಿಟ್ಟು ಏಳುವಂತಿಲ್ಲ. ಬೇಸರ ಮಾಡಿಕೊಳ್ಳಬೇಡ.

ಒಂದು ಮಾತು ಕೇಳುತ್ತೇನೆ, ನಿಜ ಬರೆ. ಕೂಸು ಸೊರಗುವುದು ಹೊಟ್ಟೆಗೆ ಬೀಳದಿದ್ದಾಗ. ನಿನ್ನ ಅತ್ತೆ ಕಸ್ತೂರಬಾಯಿಯವರ ಕಣಜ ತುಂಬಿದೆ ಎಂದು ಉದಗೀರವೆಲ್ಲ ಹೇಳುತ್ತದೆ. ಹಾಗಿದ್ದರೆ ಅದು ಯಾರ ಹೊಟ್ಟೆ ಸೇರುತ್ತಿದೆ? ಹೆಣ್ಣು ಹುಟ್ಟಿತೆಂದು ತಾತ್ಸಾರವೇ? ನಿನಗಾದರೂ ಹೊಟ್ಟೆ ತುಂಬ ಹಾಕುತ್ತಾರೆಯೇ? ನಿನ್ನ ಗಂಡ ದಿಗಂಬರ ಇದನ್ನೆಲ್ಲ ಕಣ್ಣಿಂದ ನೋಡುತ್ತಾನೋ ಇಲ್ಲವೋ?

ಟಪಾಲಿನವನ ಜೊತೆ ಒಂದು ಚೀಲ ಸಣ್ಣ ರವೆ ಕಳುಹಿಸಿದ್ದೇನೆ. ಇಲ್ಲಿಯ ಪೇಟೆಯಲ್ಲಿ ಆರಿಸಿ ತಂದ ಒಳ್ಳೆಯ ಗೋಧಿಯದು. ಯಾರಿಗೂ ಕೊಡದೆ ಕೂಸಿಗೇ ಹಾಕು.

ಮನ್ಮಥಪ್ಪ


ಉದಗೀರ
ಭಾದ್ರಪದ ಶುದ್ಧ ದಶಮಿ

ಅಣ್ಣಾ,

ನಿನ್ನ ಕಾಗದ ಬಂದಾಗ ಸುಮನಳ ಅಪ್ಪ ಎದುರಿಗೇ ಕೂತಿದ್ದರು. ಅವರಿಗೆ ಮರಾಠಿ, ಉರ್ದು ಬರುತ್ತದೆ, ಕನ್ನಡ ಅಕ್ಷರ ಬಾರದು. ಓದಿ ಹೇಳು ಎಂದರು. ನೀನು ಅತ್ತೆಯವರ ಬಗ್ಗೆ ಬರೆದದ್ದನ್ನು ಬಿಟ್ಟು ಓದಿದೆ. ನಡುವೆ ತಡವರಿಸಿದೆ. ಅವರು ನನ್ನ ಮುಖ ನೋಡಿ ಎದ್ದು ಹೋದರು. ದಯಮಾಡಿ ಇನ್ನು ಹಾಗೆ ಬರೆಯಬೇಡ. ಈ ಮನೆಯಲ್ಲಿ ನಮಗೆ ಉಪವಾಸವಿಲ್ಲ. ಕೂಸು ತಿನ್ನುತ್ತದೆ. ತಿಂದದ್ದು ಮೈಗೆ ಹತ್ತುತ್ತಿಲ್ಲ.

ನೀನು ಕಳುಹಿಸಿದ ರವೆಯನ್ನೇ ಹಾಕುತ್ತಿದ್ದೇವೆ. ಹೊಟ್ಟೆ ಇನ್ನೂ ಉಬ್ಬಿದೆ. ಸರ್ಕಾರಿ ದವಾಖಾನೆಯವರು ಜಂತುಹುಳ ಎಂದು ಔಷಧ ಕೊಟ್ಟರು, ಹುಳ ಬೀಳಲಿಲ್ಲ. ಹಕೀಮರು ಪಿತ್ತಕೋಶ ಕೆಟ್ಟಿದೆ ಎಂದರು. ನಮ್ಮ ಮಠದ ವೈದ್ಯ ರಾಚಯ್ಯನವರು ಗ್ರಹಣಿ ಎಂದು ಹೇಳಿ ಗುಳಿಗೆ ಕೊಟ್ಟು, ಮೆತ್ತಗಿನ ಊಟವಲ್ಲದೆ ಬೇರೇನೂ ಕೂಡದು ಎಂದರು. ಮೂವರ ಮಾತೂ ಒಂದಾದದ್ದು ಅದೊಂದರಲ್ಲೇ. ಹೀಗಾಗಿ ದಿನಕ್ಕೆ ಮೂರು ಸಲ ರವೆ ಗಂಜಿ. ನಿನ್ನೆ ಚಮಚ ಕಂಡರೆ ಬಾಯಿ ಬಿಗಿ ಹಿಡಿದಳು. ಅತ್ತೆಯವರು ಮೂಗು ಒತ್ತಿ ಹಿಡಿದು ಕುಡಿಸಿದರು, ಕುಡಿಸಿ ತಾವೂ ಅತ್ತರು.

ನಾನು ಚೆನ್ನಾಗಿದ್ದೇನೆ. ನನ್ನ ಚಿಂತೆ ಬೇಡ. ಖಟ್ಲೆ ಮುಗಿಯಿತೇ?

ಶೇವಂತಾ


ನಿಲಂಗಾ
ಆಶ್ವಿನ ಶುದ್ಧ ತದಿಗೆ

ಶೇವಂತಾ,

ಮೂಗು ಒತ್ತಿ ಕುಡಿಸುವುದನ್ನು ನೀನು ನೋಡುತ್ತ ನಿಂತೆಯಾ? ಇನ್ನು ಮಾತು ಬೇಡ. ಬಕ್ಕಪ್ಪನನ್ನು ಬಂಡಿ ಕೊಟ್ಟು ಕಳುಹಿಸುತ್ತಿದ್ದೇನೆ, ನಮ್ಮ ಹೊಲದ ಹಳೆಯ ಆಳು, ನಿನ್ನನ್ನು ಎತ್ತಿ ಆಡಿಸಿದವನು. ಅವನ ಜೊತೆ ಕೂಸನ್ನು ಕರೆದುಕೊಂಡು ತುರೋರಿಗೆ ಹೋಗು. ದಿಗಂಬರ ಬೇಡ ಎಂದರೆ ನನಗೆ ತಿಳಿಸು, ಹಾಗೆ ಬೇಡ ಎನ್ನುವವರನ್ನು ಕಚೇರಿಯಲ್ಲಿ ಬೇಕಾದಷ್ಟು ನೋಡಿದ್ದೇನೆ.

ನಾನು ಬರುವುದಾಗದು. ಕಾರಣ ಕೇಳಬೇಡ.

ಮನ್ಮಥಪ್ಪ


ತುರೋರಿ
ಕಾರ್ತೀಕ ಬಹುಳ ಪಂಚಮಿ

ಅಣ್ಣಾ,

ನಾವು ಬಂದು ಇಷ್ಟು ದಿನವಾದರೂ ಕಾಗದ ಬರೆಯದಿದ್ದುದು ಸಿಟ್ಟಿನಿಂದ. ನಿಲಂಗಾದ ಮೇಲೆಯೇ ಬಂಡಿ ಬಂತು. ನಿನ್ನ ಬಿಡಾರದ ಮುಂದೆ ನಿಲ್ಲಿಸು ಎಂದೆ. ಬಕ್ಕಪ್ಪ, ‘ಬ್ಯಾಡ ತಾಯಿ, ಸಾವಕಾರ ಹೊರಗ ಹೋಗ್ಯಾರ’ ಎಂದು ಎತ್ತು ಹೊಡೆದ. ನೀನು ಮಹಡಿಯ ಕಿಟಕಿಯಲ್ಲಿದ್ದೆ, ಅಣ್ಣಾ. ನಾನು ನೋಡಿದೆ.

ಇರಲಿ. ಒಳ್ಳೆಯ ಸುದ್ದಿ ಮೊದಲು ಹೇಳಬೇಕಿತ್ತು. ಸುಮನ ನಗುತ್ತಿದ್ದಾಳೆ. ಬಂದ ಹೊಸದರಲ್ಲಿ ಅವ್ವ ಕೊಟ್ಟ ಜೋಳದ ನುಚ್ಚು, ಮಜ್ಜಿಗೆ ನೋಡಿ ನಾನೇ ಹೆದರಿದ್ದೆ. ಮನೆಯಲ್ಲಿ ಗೋಧಿ ಇರಲಿಲ್ಲ, ಬೇರೆ ದಾರಿಯೂ ಇರಲಿಲ್ಲ. ಈಗ ತಾನೇ ತಟ್ಟೆ ಚಾಚುತ್ತಾಳೆ. ಹೊಟ್ಟೆ ಇಳಿದಿದೆ. ಮಲ ಗಟ್ಟಿಯಾಗಿದೆ. ಮೊನ್ನೆ ಕುರಿಮರಿಯ ಹಿಂದೆ ಓಡಿ ಬಿದ್ದಳು, ಓಡಿದಳಲ್ಲ ಎಂದು ಅವ್ವ ಬೆಲ್ಲ ಹಂಚಿದಳು.

ನಿನಗೆ ಬರೆಯದೆ ಇಟ್ಟದ್ದು ಒಂದಿದೆ. ಸುಮನಳಿಗಿಂತ ಮೊದಲು ಒಂದು, ಆಮೇಲೆ ಒಂದು, ನನಗೆ ಎರಡು ಸಲ ಬಸಿರು ಇಳಿಯಿತು. ಬಾಯಿ ತುಂಬ ಹುಣ್ಣು, ಒಂದು ಮಾಯ್ದರೆ ಇನ್ನೊಂದು ಏಳುತ್ತಿತ್ತು. ಅಂಗಾಲಲ್ಲಿ ಇರುವೆ ಹರಿದಂತೆ. ನೀರಿನ ಕೊಡ ಎತ್ತಿದರೆ ಕಣ್ಣು ಕತ್ತಲೆ ಬರುತ್ತಿತ್ತು. ಹೊಟ್ಟೆಯದು ಮಾತ್ರ ಯಾವ ತಕರಾರೂ ಇರಲಿಲ್ಲ, ಅದಕ್ಕೇ ಕೂಸಿನ ರೋಗ ಬೇರೆ, ನನ್ನ ನಿತ್ರಾಣ ಬೇರೆ ಎಂದುಕೊಂಡಿದ್ದೆ. ಇಲ್ಲಿ ಬಂದ ಮೇಲೆ ನನ್ನ ಬಾಯಿಯ ಹುಣ್ಣೂ ಮಾಯ್ದಿದೆ. ಉದಗೀರದ ನೀರೇ ನಮಗೆ ಒಗ್ಗುವುದಿಲ್ಲವೇನೋ.

ಅಲ್ಲಿಂದ ಒಂದೇ ಕಾಗದ ಬಂದಿದೆ. ಸಂಕ್ರಾಂತಿಯ ಒಳಗೆ ಬರದಿದ್ದರೆ ಬೇರೆ ವಿಚಾರ ಮಾಡಬೇಕಾಗುತ್ತದೆ ಎಂದಿದ್ದಾರೆ. ಯಾವ ವಿಚಾರ ಎಂದು ಬರೆದಿಲ್ಲ. ಬರೆಯಬೇಕಿಲ್ಲ.

ಶೇವಂತಾ


ನಿಲಂಗಾ
ಮಾರ್ಗಶಿರ ಶುದ್ಧ ಸಪ್ತಮಿ

ಶೇವಂತಾ,

ನೀರಲ್ಲ. ಅದೇ ಬಾವಿಯ ನೀರನ್ನು ದಿಗಂಬರನೂ ಕುಡಿಯುತ್ತಾನೆ, ಅವನಿಗೇನಾಗಿದೆ? ಒಂದು ಮನೆಯಲ್ಲಿ ತಾಯಿ ಮಗಳು ಇಬ್ಬರೇ ಕರಗುತ್ತಾರೆ, ಮನೆ ಬಿಟ್ಟ ಕೂಡಲೇ ಇಬ್ಬರೂ ಚಿಗುರುತ್ತಾರೆ. ಎರಡು ಬಸಿರು ನಿಲ್ಲುವುದಿಲ್ಲ. ಊಟ ಹಾಕುವ ಕೈ ಒಂದೇ. ಇಂಥ ಖಟ್ಲೆಗಳ ಕಾಗದ ನಾನು ಬರೆದಿದ್ದೇನೆ. ನಿನ್ನ ಅತ್ತೆ ಊಟದಲ್ಲಿ ಮದ್ದು ಹಾಕುತ್ತಿದ್ದಾಳೆ. ಮಗನಿಗೆ ಇನ್ನೊಂದು ಮದುವೆ ಮಾಡಲು ದಾರಿ ಸುಗಮವಾಗಲಿ ಎಂದು.

ನೀನು ತುರೋರಿಯಿಂದ ಕದಲಬೇಡ. ಮುಂದಿನದು ನನಗೆ ಬಿಡು.

ಮನ್ಮಥಪ್ಪ


ತುರೋರಿ
ಪುಷ್ಯ ಶುದ್ಧ ದಶಮಿ

ಅಣ್ಣಾ,

ಏನನ್ನೂ ಮಾಡಬೇಡ. ಈ ಕಾಗದ ಪೂರ್ತಿ ಓದದೆ ಯಾರಿಗೂ ಏನೂ ಬರೆಯಬೇಡ.

ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿದ್ದೆವು. ಭಜ್ಜಿ, ಅಂಬಲಿ, ಸಜ್ಜೆ ಕಡುಬು ಎಲ್ಲ ಇತ್ತು. ಅವ್ವ ಮೊಮ್ಮಗಳು ಬಂದಿದ್ದಾಳೆಂದು ಪಕ್ಕದ ಮನೆಯಿಂದ ಗೋಧಿ ತಂದು ಹುಗ್ಗಿ ಮಾಡಿದ್ದಳು. ಸುಮನ ಎರಡು ಬಟ್ಟಲು ತಿಂದಳು. ಉಳಿದದ್ದನ್ನು ಮರುದಿನವೂ ತಿಂದಳು. ಆಮೇಲೆ ಹೊಟ್ಟೆ ಮತ್ತೆ ಉಬ್ಬಿತು. ಅದೇ ನೊರೆ, ಅದೇ ನಾತ, ಅದೇ ರಚ್ಚೆ. ಬೆರಳು ತೋರಿಸಿದರೂ ಅಳುತ್ತಿದ್ದಳು.

ಇಲ್ಲಿ ಅತ್ತೆಯವರ ಕೈ ಇಲ್ಲ, ಉದಗೀರದ ನೀರಿಲ್ಲ. ಬೇಯಿಸಿದವಳು ನಮ್ಮ ಅವ್ವ. ನಾನು ಕೂತು ಹಿಂದಿನದೆಲ್ಲ ನೆನೆಸಿದೆ. ಹಾಲು ಕುಡಿಯುವಾಗ ಚೆನ್ನಾಗಿದ್ದಳು, ರವೆ ತಿನ್ನತೊಡಗಿದ ಮೇಲೆ ಕೆಟ್ಟಳು. ಹೆಚ್ಚು ಕೆಟ್ಟಷ್ಟೂ ಹೆಚ್ಚು ರವೆ ಹಾಕಿದೆವು. ಅಣ್ಣಾ, ಅದು ಗೋಧಿ. ಅವ್ವನಿಗೆ ಹೇಳಿದೆ. ‘ಹುಚ್ಚಿ, ಗೋಧಿ ಯಾರಿಗರ ಒಗ್ಗಲ್ದ ಇರ್ತದೇನ? ಬ್ಯಾನಿ ಬಿದ್ದವರಿಗಿ ಅದೇ ಹಾಕ್ತಾರ’ ಎಂದಳು. ನಾನು ಮಾತು ಬೆಳೆಸದೆ ಜೋಳದ ನುಚ್ಚಿಗೇ ಮರಳಿದೆ. ಹೊಟ್ಟೆ ಮೆಲ್ಲಗೆ ಇಳಿಯುತ್ತಿದೆ.

ಇನ್ನೊಂದು. ಬಕ್ಕಪ್ಪನನ್ನು ಗಟ್ಟಿಯಾಗಿ ಹಿಡಿದು ಕೇಳಿದೆ. ಕಡೆಗೆ ಹೇಳಿದ. ನೀನು ಬೇಸಿಗೆಯಲ್ಲೂ ಉದ್ದ ತೋಳಿನ ಅಂಗಿ ತೊಡುತ್ತೀಯಂತೆ. ತೋಳು ಕೆರೆದು ಕೆರೆದು ರಕ್ತ ಬರುತ್ತದಂತೆ. ಮುರುಮ ಊರಿನಿಂದ ಬಂದ ಹೆಣ್ಣಿನ ಸಂಬಂಧವನ್ನು ನೀನೇ ಬೇಡ ಎಂದೆಯಂತೆ. ನಿನ್ನ ಮೈಗೆ ಏನಾಗಿದೆ? ನೀನು ಉಣ್ಣುವುದು ಏನು?

ಶೇವಂತಾ


ನಿಲಂಗಾ
ಪುಷ್ಯ ಬಹುಳ ಚತುರ್ದಶಿ

ತಂಗೀ,

ನಿನ್ನ ಕಾಗದ ತಡವಾಗಿ ಬಂತು. ಸಂಕ್ರಾಂತಿಗೆ ಮೊದಲೇ ನಾನು ದಿಗಂಬರನಿಗೆ ಉರ್ದುವಿನಲ್ಲಿ ಬರೆದಾಗಿತ್ತು. ನಿನ್ನ ತಾಯಿ ನನ್ನ ತಂಗಿಗೂ ಕೂಸಿಗೂ ವಿಷ ಹಾಕಿದ್ದಾಳೆ, ಅದಾಲತ್ತಿಗೆ ಎಳೆಯುತ್ತೇನೆ ಎಂದು. ಇಲ್ಲಿ ದಾವೆ ಕಟ್ಟುವ ಭಾಷೆಯಲ್ಲೇ ಬರೆದೆ. ವಾಪಸು ತರುವ ದಾರಿ ಇಲ್ಲ.

ಬಕ್ಕಪ್ಪ ಹೇಳಿದ್ದು ಖರೆ. ಇಲ್ಲಿಗೆ ಬಂದು ವರ್ಷ ತುಂಬುವುದರೊಳಗೆ ಶುರುವಾಯಿತು. ಮೊಣಕೈ, ಮೊಣಕಾಲು, ಕುಂಡಿಯ ಮೇಲೆ ಸಣ್ಣ ನೀರುಗುಳ್ಳೆ ಗುಂಪುಗುಂಪಾಗಿ ಏಳುತ್ತವೆ. ಉರಿ, ತಡೆಯಲಾರದ ತುರಿಕೆ. ಎರಡು ಕಡೆಗೂ ಸರಿಸಮ. ಕಚೇರಿಯವರು ಕುಷ್ಠ ಎಂದು ನಾನು ಕೂತು ಬರೆಯುವ ಗಾದಿಯನ್ನು ಬಾಗಿಲ ಹೊರಗೆ ಹಾಕಿಸಿದರು. ಊರ ಡಾಕ್ಟರರು ಸೂಜಿ ಚುಚ್ಚಿ ನೋಡಿ, ಸ್ಪರ್ಶ ಇದೆ, ಕುಷ್ಠವಲ್ಲ ಎಂದರು. ಯಾರೂ ನಂಬಲಿಲ್ಲ. ನಾನೂ ಪೂರ್ತಿ ನಂಬಲಿಲ್ಲ. ಕೂಸನ್ನು ಎತ್ತಿಕೊಳ್ಳಬೇಕಾದೀತು ಎಂದೇ ಉದಗೀರಕ್ಕೆ ಬರಲಿಲ್ಲ. ಆ ದಿನ ಕಿಟಕಿಯಲ್ಲಿ ನಿಂತದ್ದು ನಾನೇ.

ಖಾನಾವಳಿಯಲ್ಲಿ ಎರಡು ಹೊತ್ತು ಚಪಾತಿ ಉಣ್ಣುತ್ತೇನೆ. ಆದರೆ ನನ್ನ ಹೊಟ್ಟೆ ಕಲ್ಲನ್ನೂ ಅರಗಿಸುತ್ತದೆ. ಕೂಸಿಗೆ ಹೊಟ್ಟೆ, ನಿನಗೆ ಬಾಯಿ, ನನಗೆ ಚರ್ಮ. ಮೂರೂ ಒಂದೇ ಎಂದು ಹೇಗೆ ಒಪ್ಪಲಿ? ನಡುವೆ ಸುಗ್ಗಿಗೆಂದು ತುರೋರಿಯಲ್ಲಿ ಎರಡು ತಿಂಗಳು ಉಳಿದಾಗ ಗುಳ್ಳೆ ಕಡಿಮೆಯಾಗಿದ್ದವು ಎಂಬುದೂ ಖರೆ. ನಾನದನ್ನು ಊರ ಗಾಳಿ ಎಂದುಕೊಂಡಿದ್ದೆ.

ಇವತ್ತಿನಿಂದ ಖಾನಾವಳಿ ಬಿಟ್ಟಿದ್ದೇನೆ. ರೊಟ್ಟಿ ಬಡಿಯಲು ಬಾರದು. ಬಂದಷ್ಟು ಬರಲಿ.

ಮನ್ಮಥಪ್ಪ


ತುರೋರಿ
ಫಾಲ್ಗುಣ ಶುದ್ಧ ದ್ವಾದಶಿ

ಅಣ್ಣಾ,

ಸುಮನಳ ಅಪ್ಪ ಬಂದರು. ನಿನ್ನ ಉರ್ದು ಕಾಗದ ಜೇಬಿನಲ್ಲಿತ್ತು. ಅವ್ವ ಕೊಟ್ಟ ನೀರನ್ನೂ ಮುಟ್ಟದೆ ಅಂಗಳದಲ್ಲೇ ನಿಂತು ಕೇಳಿದರು: ‘ನಮ್ಮವ್ವ ವಿಷ ಹಾಕ್ತಾಳಂತ ನಿಮ್ಮಣ್ಣ ಬರದಾನ. ನೀನೂ ಹಂಗೇ ಅಂತೀಯೇನು?’

‘ಇಲ್ರೀ’ ಎಂದೆ. ‘ಅತ್ತಿ ತಮ್ಮ ಬಾಯಾಗಿಂದು ತಗದು ಕೂಸಿಗಿ ಹಾಕ್ಯಾರ. ಹಾಕಿದ್ದು ಗೋಧಿ. ಅದು ನಮ್ಮಿಬ್ಬರಿಗೂ ಆಗಲ್ದು.’

ಅವರು ನಕ್ಕರು, ಅದು ಸಿಟ್ಟಿನ ನಗು. ಅಣ್ಣನನ್ನು ಉಳಿಸಲು ತಂಗಿ ಕಟ್ಟಿದ ಕಥೆ ಎಂದುಕೊಂಡರು. ಅಷ್ಟರಲ್ಲಿ ಸುಮನ ಹಿತ್ತಲಿಂದ ಓಡಿ ಬಂದು ಅವರ ಕಾಲು ಹಿಡಿದಳು. ಗುರುತು ಸಿಗದೆ ಒಂದು ಗಳಿಗೆ ಯಾರ ಕೂಸು ಎಂಬಂತೆ ನೋಡಿದರು. ಆಮೇಲೆ ಎತ್ತಿಕೊಂಡರು. ಆದರೂ ಗೋಧಿಯ ಮಾತು ಒಪ್ಪಲಿಲ್ಲ. ಖರೆ ಇದ್ದರೆ ಒಂದು ಚಪಾತಿ ತಿನ್ನಿಸಿ ತೋರಿಸು ಎಂದರು.

‘ಕೂಸಿಗಿ ಬ್ಯಾಡ. ನಾ ತಿಂತೀನಿ. ನೀವ ಇಲ್ಲೇ ಇದ್ದು ನೋಡ್ರಿ.’

ದಿನವೂ ಎರಡು ಹೊತ್ತು ಅವರ ಎದುರಿಗೆ ಕೂತು ಚಪಾತಿ ತಿಂದೆ. ಮೊದಲು ಏನೂ ಆಗಲಿಲ್ಲ. ಅವರು ಬಂಡಿ ಹೂಡಲು ಹೇಳಿದರು. ನಾನೇ ತಪ್ಪಿರಬಹುದೇ ಎಂದು ಎಷ್ಟು ಸಲ ಕೇಳಿಕೊಂಡೆನೋ. ಇನ್ನೆರಡು ದಿನ ಇರಿ ಎಂದು ಅವ್ವನ ಕೈಯಲ್ಲಿ ಹೇಳಿಸಿದೆ. ಉಳಿದರು. ಆ ವಾರ ಮುಗಿಯುವುದರೊಳಗೆ ಒಸಡು, ನಾಲಿಗೆ, ಕೆನ್ನೆಯ ಒಳಗೆಲ್ಲ ಹುಣ್ಣು ಎದ್ದವು. ಮಾತಾಡಲೂ ಆಗದು, ನೀರೂ ಉರಿ. ಬಾವಿಯಿಂದ ಕೊಡ ಎತ್ತುವಾಗ ಕಣ್ಣಿಗೆ ಕತ್ತಲೆ ಬಂದು ಕೂತುಬಿಟ್ಟೆ. ಅವರು ಬಿಸಿಲಿಗೆ ಕರೆದು ಬಾಯಿ ತೆಗೆಸಿ ನೋಡಿದರು. ಆಮೇಲೆ ಬಂಡಿ ಹೂಡಿಕೊಂಡು ಹೊರಟರು.

ಸಂಜೆ ಬಂದಾಗ ಬಂಡಿಯಲ್ಲಿ ಹೊಸ ಬೀಸುಕಲ್ಲು ಇತ್ತು. ಮುರುಮದಿಂದ ತಂದದ್ದು. ‘ಗೋಧಿ ಬೀಸಿದ ಕಲ್ಲಾಗ ನಿಮ್ದು ಬೀಸೋದು ಬ್ಯಾಡ’ ಎಂದರು. ಯುಗಾದಿ ಕಳೆದ ಮೇಲೆ ನಾವು ಉದಗೀರಕ್ಕೆ ಹೋಗುತ್ತೇವೆ.

ಹೆದರಿಕೆ ಅತ್ತೆಯವರದು. ಮೊಮ್ಮಗಳಿಗೆ ಆಳಿನ ಊಟ ಹಾಕುವುದನ್ನು ಅವರು ತಡೆದುಕೊಳ್ಳಲಾರರು. ಅದಕ್ಕಿಂತ ದೊಡ್ಡದು ನಿನ್ನ ಕಾಗದ. ಅದನ್ನು ಅವರಿಗೆ ಓದಿ ಹೇಳಲಾಗಿದೆ. ನೀನು ಬಂದು ಅವರ ಮುಂದೆ ನಿಲ್ಲಬೇಕು. ನಿನ್ನ ತೋಳು ಹೇಗೇ ಇರಲಿ.

ಶೇವಂತಾ


ನಿಲಂಗಾ
ಭಾದ್ರಪದ ಶುದ್ಧ ಪಂಚಮಿ, ಶಕೆ ೧೮೫೨

ಶೇವಂತಾ,

ಇಷ್ಟು ತಿಂಗಳು ಬರೆಯದಿದ್ದದ್ದು ಬರೆಯುವಂಥದ್ದು ಇರಲಿಲ್ಲ ಎಂದು. ರೊಟ್ಟಿ ತಿನ್ನುತ್ತಿದ್ದೆ, ಗುಳ್ಳೆ ಏಳುತ್ತಲೇ ಇದ್ದವು. ನಿನ್ನ ಮಾತು ಸುಳ್ಳೆಂದು ಎರಡು ಸಲ ಖಾನಾವಳಿಯ ಬಾಗಿಲ ತನಕ ಹೋಗಿ ಬಂದೆ. ಆಷಾಢದಿಂದ ತುರಿಕೆ ತಗ್ಗಿತು. ಈಗ ಕಲೆ ಉಳಿದಿವೆ, ಹೊಸ ಗುಳ್ಳೆ ಇಲ್ಲ. ಗಾದಿ ಇನ್ನೂ ಹೊರಗೇ ಇದೆ. ವಕೀಲರಿಗೆ ತೋಳು ತೋರಿಸಿದೆ, ದೂರದಿಂದಲೇ ನೋಡಿ, ಗಾದಿಯ ವಿಚಾರ ಆಮೇಲೆ ನೋಡೋಣ ಎಂದರು.

ದಸರೆಯ ರಜೆಯಲ್ಲಿ ಬರುತ್ತೇನೆ. ಕಸ್ತೂರಬಾಯಿಯವರಿಗೆ ಏನು ಹೇಳಬೇಕೋ ಗೊತ್ತಿಲ್ಲ.

ಮನ್ಮಥಪ್ಪ


ಉದಗೀರ
ಕಾರ್ತೀಕ ಶುದ್ಧ ನವಮಿ

ಅಣ್ಣಾ,

ದಸರೆಗೆ ಬಂದ ನೀನು ಅತ್ತೆಯವರ ಕಾಲಿಗೆ ಬಿದ್ದಾಗ ಅವರು ಎದ್ದು ಒಳಗೆ ಹೋದರು. ನೀನು ಅದನ್ನು ಮನಸ್ಸಿಗೆ ಹಚ್ಚಿಕೊಂಡು ಉಣ್ಣದೆ ಬಂಡಿ ಹತ್ತಿದೆ. ಸುಮನ ಮಾಮಾ ಎಂದು ಊರ ಅಗಸೆ ಬಾಗಿಲ ತನಕ ಓಡಿದ್ದು ನೀನು ತಿರುಗಿ ನೋಡಿದ್ದರೆ ಕಾಣುತ್ತಿತ್ತು.

ನನಗೆ ಆರು ತಿಂಗಳು ತುಂಬಿದೆ. ಹಿಂದಿನ ಎರಡೂ ಇಷ್ಟು ದೂರ ಬಂದಿರಲಿಲ್ಲ. ಹೊಟ್ಟೆ ಸ್ವಲ್ಪ ಸೆಳೆದರೂ ಕೂತಲ್ಲಿ ಕೂಡಲಾರೆ, ನಿಂತಲ್ಲಿ ನಿಲ್ಲಲಾರೆ. ಕೂಸು ಕದಲಿದರೆ ಹೆದರಿಕೆ, ಕದಲದಿದ್ದರೂ ಹೆದರಿಕೆ. ಇದಕ್ಕೂ ಗೋಧಿ ಒಗ್ಗದಿದ್ದರೆ, ಯಾರ ಕೈಯಲ್ಲಿ ಬೆಳೆಯುತ್ತದೋ ಅವರಿಗೆಲ್ಲ ಮತ್ತೆ ಮೊದಲಿನಿಂದ ಹೇಳಬೇಕು. ಹೇಳಲು ಈ ಬೇನೆಗೆ ಹೆಸರೂ ಇಲ್ಲ.

ಯುಗಾದಿಯಿಂದ ಇಲ್ಲಿಯವರೆಗೆ ಅತ್ತೆಯವರು ನನ್ನ ಬೀಸುಕಲ್ಲನ್ನು ಮುಟ್ಟಿರಲಿಲ್ಲ. ನಾನು ಜೋಳ ಬೀಸುವಾಗ ಪಡಸಾಲೆ ಬಿಟ್ಟು ಹೋಗುತ್ತಿದ್ದರು. ತಡೆಯಲಿಲ್ಲ, ಒಪ್ಪಲೂ ಇಲ್ಲ. ನೀನು ಹೋದ ಮೂರನೆಯ ದಿನ ನನಗೆ ಬಯಕೆ ಊಟ ಹಾಕಬೇಕೆಂದು ಹೇಳಿ ಓಣಿಯ ಹೆಂಗಸರನ್ನೆಲ್ಲ ಕರೆದರು.

ಬಂದವರು ಹೋಳಿಗೆ, ಶೇವಿಗೆ, ಮಾಲ್ದಿ ತಂದಿದ್ದರು, ಎಲ್ಲವೂ ಗೋಧಿಯವೇ. ನನ್ನನ್ನು ಮಣೆಯ ಮೇಲೆ ಕೂರಿಸಿದರು. ಎದುರುಮನೆಯ ಸಾವಕಾರತಿ ತುಪ್ಪ ಹಾಕಿದ ಹೋಳಿಗೆ ಮುರಿದು ನನ್ನ ಬಾಯಿಯ ಹತ್ತಿರ ತಂದಳು. ಹಿರಿಯಳು, ಮುತ್ತೈದೆ, ಬೇಡ ಎನ್ನುವುದು ಹೇಗೆ? ಬಾಯಿ ಬಿಗಿ ಹಿಡಿದೆ. ಅಷ್ಟರಲ್ಲಿ ಅತ್ತೆಯವರು ಅವಳ ಕೈ ಹಿಡಿದರು. ಅಡಿಗೆಮನೆಯಿಂದ ಒಂದು ತಟ್ಟೆ ತರಿಸಿದರು. ಅದರಲ್ಲಿ ಜೋಳದ ರೊಟ್ಟಿ, ಬೆಣ್ಣೆ, ಪುಂಡಿಪಲ್ಲೆ. ಹಿಟ್ಟು ನಾನು ಬೀಸಿದ್ದಲ್ಲ. ಯಾರು ಬೀಸಿದರೆಂದು ಅವರ ಅಂಗೈಯ ಬೊಬ್ಬೆ ನೋಡಿ ತಿಳಿಯಿತು.

‘ಬಸರಿಗಿ ಆಳಿನ ಊಟ ಹಾಕ್ತೀಯೇನ ಕಸ್ತೂರಬಾಯಿ? ಮಂದಿ ಏನ್ ಅಂದಾರು?’ ಎಂದಳು ಆಕೆ.

ಅತ್ತೆಯವರು ಎಲ್ಲರಿಗೂ ಕೇಳುವಂತೆ ಹೇಳಿದರು: ‘ಈಕಿ ಅಣ್ಣ, ನಾ ವಿಷ ಹಾಕೀನಂತ ಬರದಿದ್ದ. ಅದು ಸುಳ್ಳಲ್ಲ. ಗೋಧಿನೇ ಇವರಿಗಿ ವಿಷ. ತಿಳೀಲಾರದ ನನ್ನ ಕೈಲಿಂದೇ ಹಾಕೀನಿ, ಮೂಗ ಒತ್ತಿ ಹಾಕೀನಿ. ಇನ್ನ ಯಾರೂ ಹಾಕಬ್ಯಾಡ್ರಿ.’

ಅತ್ತೆಯವರು ಕೂತು, ರೊಟ್ಟಿ ಮುರಿದು, ಬೆಣ್ಣೆ ಹಚ್ಚಿ ಮೊದಲ ತುತ್ತನ್ನು ನನ್ನ ಬಾಯಿಗೆ ಇಟ್ಟರು. ಎರಡನೆಯದನ್ನು ಸುಮನಳಿಗೆ ಕೊಟ್ಟರು. ಮೂರನೆಯದು ತಾವು ತಿಂದರು.

ಶೇವಂತಾ